ದೊಡ್ಡ ಎಂಸಿಬಿ ಹಾಕುವುದು ಪರಿಹಾರವಲ್ಲ

ಮಾನ್ಯರೇ,

ಬಿಸಿಲು ಏರುತ್ತಿದ್ದಂತೆ ಬಳ್ಳಾರಿಯ ಮನೆಗಳಲ್ಲೂ ಜೀನ್ಸ್ ಹೊಲಿಯುವ ಸಣ್ಣ ಘಟಕಗಳಲ್ಲೂ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದಾಗ ತಾನೇ ಲೈನು ಕಡಿಯುವ ಸ್ವಿಚ್ಚು, ಪದೇ ಪದೇ ಬೀಳುವುದು (ಟ್ರಿಪ್ ಆಗುವುದು) ಸಾಮಾನ್ಯ. ಆಗ 16 ಆಂಪಿಯರ್‌ನದನ್ನು ಕಿತ್ತು 32 ಆಂಪಿಯರ್‌ನದನ್ನು ಕೂರಿಸಿಬಿಡುತ್ತಾರೆ. ವೈರಿಂಗ್ ಕೆಲಸದವನಾಗಿ ಹೇಳುತ್ತೇನೆ, ಇದು ಬೆಂಕಿಯನ್ನು ಗೋಡೆಯೊಳಗೆ ಬಿಟ್ಟುಕೊಂಡಂತೆ.

ಎಂಸಿಬಿ ಇರುವುದು ತಂತಿಯನ್ನು ಕಾಯಲು. ಪ್ಲಗ್ ಪಾಯಿಂಟ್‌ಗಳಿಗೆ ಸಾಮಾನ್ಯವಾಗಿ ಎಳೆಯುವ 2.5 ಚದರ ಮಿ.ಮೀ. ತಂತಿಗೆ 16 ಆಂಪಿಯರ್‌ನದು ಸರಿಹೊಂದುತ್ತದೆ. 32ರದಾದರೆ 36 ಆಂಪಿಯರ್ ಹರಿದರೂ ಒಂದು ಗಂಟೆ ಬೀಳದೆ ನಿಲ್ಲಬಹುದು, ಅಷ್ಟರಲ್ಲಿ ಪೈಪಿನೊಳಗಿನ ಪಿವಿಸಿ ಹೊದಿಕೆ ಮೆತ್ತಗಾಗುತ್ತದೆ. 1,000 ವ್ಯಾಟಿನ ನಾಲ್ಕು ಇಸ್ತ್ರಿಪೆಟ್ಟಿಗೆಗಳು ಒಂದೇ ಲೈನಿನಲ್ಲಿದ್ದರೆ ಅವೇ 17 ಆಂಪಿಯರ್ ದಾಟುತ್ತವೆ. ಅಲ್ಲಿ ಬೇಕಾದದ್ದು ಇನ್ನೊಂದು ಲೈನು.

ಯಾವಾಗ ಬೀಳುತ್ತದೆ ಎಂಬುದನ್ನು ಗಮನಿಸಿದರೆ ಕಾರಣದ ಸುಳಿವು ಸಿಗುತ್ತದೆ. ಎತ್ತಿದ ಕೂಡಲೇ ಬಿದ್ದರೆ ಹೆಚ್ಚಾಗಿ ಶಾರ್ಟ್ ಸರ್ಕ್ಯೂಟ್. ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ಬಿದ್ದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ಎಂಸಿಬಿಯ ಸ್ಕ್ರೂ ಸಡಿಲವಾಗಿ ಬಿಸಿಯಾಗುತ್ತಿದೆ. ಕರೆಂಟು ಹೋಗಿ ಬಂದಾಗ ಮಾತ್ರ ಬೀಳುತ್ತಿದ್ದರೆ, ಸ್ವಿಚ್ ಆರಿಸದೆ ಬಿಟ್ಟ ಮೋಟಾರುಗಳೆಲ್ಲ ಒಮ್ಮೆಲೇ ಹೊರಡುವಾಗ ಎಳೆಯುವ ಹಲವು ಪಟ್ಟು ಕರೆಂಟೇ ಕಾರಣವಿರಬಹುದು. ತಗಡಿನ ಚಾವಣಿಯಡಿ ಬೋರ್ಡು ಇದ್ದರೂ ಎಂಸಿಬಿ ಬೇಗ ಬೀಳುತ್ತದೆ, ಏಕೆಂದರೆ ಅದನ್ನು ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿಸಿರುತ್ತಾರೆ.

ಪತ್ತೆ ಹಚ್ಚಲು ಪ್ಲಗ್‌ಗಳನ್ನೆಲ್ಲ ಕಿತ್ತಿಟ್ಟು, ಎಂಸಿಬಿಯನ್ನು ತುಸು ಹೊತ್ತು ತಣಿಯಲು ಬಿಟ್ಟು, ಎತ್ತಿ ನೋಡಬೇಕು. ನಿಂತರೆ ಉಪಕರಣಗಳನ್ನು ಒಂದೊಂದಾಗಿ ಹಾಕುತ್ತ ಹೋಗಬೇಕು. ಯಾವುದನ್ನು ಹಾಕಿದಾಗ ಕೂಡಲೇ ಬೀಳುತ್ತದೋ ಅದರಲ್ಲೇ ದೋಷವಿರುವ ಸಾಧ್ಯತೆ ಹೆಚ್ಚು. ಏನನ್ನೂ ಹಾಕದೆ ಬಿದ್ದರೆ ದೋಷ ವೈರಿಂಗ್‌ನಲ್ಲೇ ಇರಬಹುದು. ಆಗ ಮತ್ತೆ ಮತ್ತೆ ಎತ್ತದೆ, ಮೆಗ್ಗರ್ (ತಂತಿಯ ಹೊದಿಕೆ ಸರಿಯಿದೆಯೇ ಎಂದು ಅಳೆಯುವ ಉಪಕರಣ) ಇರುವ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.

ಕರೆಂಟು ಸೋರಿದಾಗ ಲೈನು ಕಡಿಯುವ ಆರ್‌ಸಿಸಿಬಿಯ ವಿಷಯ ಬೇರೆ. ಅದು ಹೊರೆಯನ್ನು ನೋಡುವುದಿಲ್ಲ. ಮನೆಗಳಿಗೆ ಹಾಕುವ 30 ಮಿಲಿಆಂಪಿಯರ್‌ನದು ಅಷ್ಟು ಕರೆಂಟು ಭೂಮಿಗೆ ಸೋರುವಷ್ಟರಲ್ಲಿ ಬೀಳಲೇಬೇಕು. ಕೂಲರ್ ಹಾಕಿದಾಗ ಮಾತ್ರ ಬೀಳುತ್ತಿದ್ದರೆ ನೀರಿನ ಪಂಪಿನಲ್ಲಿ ಸೋರಿಕೆಯಿರಬಹುದು. ಕಾಟ ತಾಳಲಾರದೆ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುವವರಿದ್ದಾರೆ. ಒದ್ದೆ ಕೈಯಿಂದ ಕೂಲರ್ ಮುಟ್ಟುವ ಮಕ್ಕಳನ್ನು ಅವರು ದಯವಿಟ್ಟು ನೆನೆಯಲಿ.

ಅಂಗಡಿಯವರಲ್ಲಿ ನನ್ನ ಕೋರಿಕೆ: ಹೆಚ್ಚಿನ ಆಂಪಿಯರ್‌ನ ಎಂಸಿಬಿ ಕೇಳಿ ಬಂದವರಿಗೆ ಕೊಡುವ ಮುನ್ನ ತಂತಿ ಎಷ್ಟರದೆಂದು ವಿಚಾರಿಸಿ. ಘಟಕಗಳ ಮಾಲೀಕರು ಯಾವ ಎಂಸಿಬಿ ಯಾವ ಲೈನಿನದು, ತಂತಿ ಎಷ್ಟು ಚದರ ಮಿ.ಮೀ. ಎಂಬುದನ್ನು ಬೋರ್ಡಿನ ಬಾಗಿಲ ಒಳಬದಿಗೆ ಬರೆದು ಅಂಟಿಸಲಿ.

– ಓರ್ವ ವೈರಿಂಗ್ ಕೆಲಸಗಾರ, ಕೌಲ್‌ಬಜಾರ್, ಬಳ್ಳಾರಿ