ಚೌಬಾರಾ–ಕೋಟೆ ಬೀದಿ: ಡಾಂಬರು ಹಾಕುವ ಮುನ್ನ ಹಳೆಯದನ್ನು ಕೆರೆಯಿರಿ

ಮಾನ್ಯ ಸಂಪಾದಕರೇ,

ಬೀದರ್ ನೋಡಲು ಬರುವ ಹೆಚ್ಚಿನವರ ಗಾಡಿ ನೇರ ಕೋಟೆಯ ಮುಂದೆ ನಿಲ್ಲುತ್ತದೆ. ಚೌಬಾರಾದಿಂದ ಕೋಟೆ ಮುಟ್ಟುವ ಪೇಟೆಬೀದಿಯಲ್ಲಿ ಅವರು ಇಳಿಯುವುದೇ ಇಲ್ಲ. ಹಳೇ ಊರಿನ ನಾಲ್ಕು ದಾರಿಗಳು ಕೂಡುವಲ್ಲಿ ನಿಂತಿರುವ ಚೌಬಾರಾ 71 ಅಡಿ ಎತ್ತರದ ದುಂಡು ಗೋಪುರ. ಅಲ್ಲಿಂದ ಕೋಟೆಯ ಕಡೆ ಹೊರಟರೆ ದಾರಿಯಲ್ಲಿ ತಖ್ತ್-ಎ-ಕಿರ್ಮಾನಿಯ ದೊಡ್ಡ ಕಮಾನು ಮತ್ತು 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ ಸಿಗುತ್ತವೆ. ಉಳಿದಿರುವ ಒಂದೇ ಮೀನಾರು 131 ಅಡಿ ಇದೆ. ಮದರಸಾದ ಮುಖ ಪೂರ್ವಕ್ಕಿರುವುದರಿಂದ ಮೀನಾರಿನ ಅಂಕುಡೊಂಕು ಸಾಲಿನ ಬಣ್ಣದ ಹೆಂಚುಗಳು ಬೆಳಗಿನ ಬಿಸಿಲಿಗೆ ಚೆನ್ನಾಗಿ ಕಾಣುತ್ತವೆ. ಸಂಜೆ ಹೋದವರಿಗೆ ಆ ಬಣ್ಣ ದಕ್ಕದು.

ಇಂಥ ಬೀದಿ ನಡೆದು ನೋಡುವಂತಿರಬೇಕಾದರೆ ಮೊದಲು ಕಾಯಬೇಕಾದದ್ದು ರಸ್ತೆಯ ಮಟ್ಟ. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸ ಪದರ ಹಾಕಿದರೆ ಪ್ರತಿ ಸಲ 25ರಿಂದ 40 ಮಿಲಿಮೀಟರ್ ಏರುತ್ತದೆ. ನಾಲ್ಕು ಸಲಕ್ಕೆ 100ರಿಂದ 160 ಮಿಲಿಮೀಟರ್, ಸುಮಾರು ಅರ್ಧ ಗೇಣು. ಅಂಗಡಿಯ ಹೊಸ್ತಿಲು ಇದ್ದಲ್ಲೇ ಇರುತ್ತದೆ, ಮಳೆನೀರು ಒಳಗೆ ನುಗ್ಗುತ್ತದೆ. ಗೋಡೆಗಳ ಪಾಡು ಇನ್ನೂ ಕಷ್ಟ. ನಮ್ಮ ಜಂಬಿಟ್ಟಿಗೆ ಕಲ್ಲು ತೂತುತೂತಿನದು, ಬುಡದಲ್ಲಿ ನಿಂತ ನೀರನ್ನು ಮೇಲಕ್ಕೆ ಹೀರುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಆರಿಹೋಗುತ್ತದೆ. ಸಿಮೆಂಟ್ ಮೆತ್ತಿದ್ದರೆ ಒಳಗೇ ಉಳಿದು, ಉಪ್ಪು ಹರಳುಗಟ್ಟಿ, ಗಾರೆಯ ಜತೆ ಕಲ್ಲಿನ ಮೈಯೂ ಉದುರುತ್ತದೆ.

ಆದ್ದರಿಂದ ಟೆಂಡರ್‌ನಲ್ಲೇ ಹಳೆಯ ಪದರವನ್ನು ಯಂತ್ರದಿಂದ ಕೆರೆದು ತೆಗೆಯುವ ಷರತ್ತು ಇರಲಿ. ಬೀದಿಯ ಅತಿ ತಗ್ಗಿನ ಹೊಸ್ತಿಲನ್ನು ಗುರುತಿಸಿ, ರಸ್ತೆಯ ಅಂಚು ಅದಕ್ಕಿಂತ 150 ಮಿಲಿಮೀಟರ್ ಕೆಳಗಿರುವಂತೆ ಮಟ್ಟ ಹಿಡಿಯಲಿ. ನಡುವಿನಿಂದ ಚರಂಡಿಗೆ ನೂರಕ್ಕೆ ಎರಡೂವರೆಯ ಇಳಿಜಾರು, ಅಂದರೆ 3 ಮೀಟರಿಗೆ ಏಳೂವರೆ ಸೆಂಟಿಮೀಟರ್, ಸಾಕು. ಚರಂಡಿಯ ಮೇಲೆ ಎತ್ತಿ ತೆಗೆಯಲು ಬರುವ ಚಪ್ಪಡಿ ಬೇಕು. ಕಾಂಕ್ರೀಟ್ ಸುರಿದು ಮುಚ್ಚಿದರೆ ಹೂಳು ತೆಗೆಯುವವರು ಅದನ್ನು ಒಡೆಯುತ್ತಾರೆ, ಒಡೆದದ್ದು ಹಾಗೇ ಉಳಿಯುತ್ತದೆ.

ಇದಕ್ಕೆಲ್ಲ ಸ್ಮಾರಕದ ಕಾಯ್ದೆ ಅಡ್ಡ ಬರುತ್ತದೆ ಎಂದು ಯಾರಾದರೂ ಉತ್ತರಿಸಿದರೆ ಅದು ಪೂರ್ತಿ ಸರಿಯಲ್ಲ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಆದರೆ ಚರಂಡಿ, ಕುಡಿಯುವ ನೀರು, ವಿದ್ಯುತ್ ಪೂರೈಕೆಯ ಕೆಲಸಗಳನ್ನು ಆ ಕಾಯ್ದೆ ‘ನಿರ್ಮಾಣ’ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಪುರಾತತ್ವ ಇಲಾಖೆಯ ಜತೆ ಕೂತು, ತಂತಿಗಳನ್ನು ನೆಲದಡಿ ಒಯ್ಯುವ ಕೊಳವೆಯನ್ನೂ ಚರಂಡಿಯ ಜತೆಗೇ ಹಾಕಿದರೆ ಬೀದಿಯನ್ನು ಮತ್ತೆ ಅಗೆಯಬೇಕಿಲ್ಲ. ಬಂಡಿ ವ್ಯಾಪಾರಿಗಳನ್ನು ಮಾತ್ರ ಇದೇ ನೆಪದಲ್ಲಿ ಎಬ್ಬಿಸಬಾರದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ವ್ಯಾಪಾರಿಗಳ ಸಮೀಕ್ಷೆ ಮುಗಿಯುವವರೆಗೆ ಅವರನ್ನು ತೆರವು ಮಾಡುವಂತಿಲ್ಲ.

ಜನ ನಡೆದರೆ ಮೊದಲ ಲಾಭ ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬಿದ್ರಿ ಕೆಲಸದ ಅಂಗಡಿಗಳಿಗೆ. ಗಾಡಿಯಲ್ಲಿ ಹೋಗುವವರಿಗೆ ಉಳಿಯ ಸದ್ದು ಕೇಳದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ (ವಾಡಿಕೆಯಲ್ಲಿ 16ಕ್ಕೆ 1) ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ತರುತ್ತಾರೆ. ಅದರ ಮೇಲೆ ಚಿತ್ತಾರ ಗೀರಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡು ಬಡಿದು ಕೂರಿಸುತ್ತಾರೆ. ಕೊನೆಗೆ ಬಿಸಿ ಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕೊನೆಯ ಹಂತವನ್ನು ಗಿರಾಕಿಯ ಎದುರೇ ಮಾಡಿ ತೋರಿಸುವ ಅಂಗಡಿಗಳು ಹೆಚ್ಚಾಗಲಿ. ಕಣ್ಣಾರೆ ಕಂಡವರು ಬೆಲೆಗೆ ಕೊಸರಾಡುವುದಿಲ್ಲ.

ಕೊಂಡು ಒಯ್ದ ಮೇಲೆ ಬಿದ್ರಿ ಸಾಮಾನು ಹಾಳಾಗುವುದು ಸಾಮಾನ್ಯವಾಗಿ ತೊಳೆಯುವುದರಿಂದ. ಹುಣಸೆಹಣ್ಣು, ನಿಂಬೆ, ಬೆಳ್ಳಿ ಬೆಳಗುವ ಪುಡಿ ತಾಗಿದರೆ ಕಪ್ಪು ಕಿತ್ತುಹೋಗುತ್ತದೆ. ಹುಳಿ ಪದಾರ್ಥ ಇಡಬಾರದು. ಮಂಕಾದರೆ ಮೆತ್ತನೆಯ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಚೀಟಿಯೊಂದನ್ನು ಪ್ರತಿ ಪೆಟ್ಟಿಗೆಯಲ್ಲೂ ಇಡಬೇಕೆಂದು ಅಂಗಡಿಯವರಲ್ಲಿ ಕೋರುತ್ತೇವೆ.

— ಹಳೇ ಪೇಟೆಯ ಓದುಗರು, ಬೀದರ್