ಮೊದಲು ಬಿಲ್ ಓದು, ಆಮೇಲೆ ಬರೆ

ವಿರಾಜಪೇಟೆ

ಪ್ರಿಯ ತಂಗಿ,

ಆಭರಣ ವ್ಯಾಪಾರದ ಪತ್ರಿಕೆಗೆ ಬರೆಯುತ್ತಲೇ ಅಂಗಡಿಗಳಿಗೆ ಮಾರುಕಟ್ಟೆ ಸಲಹೆಯನ್ನೂ ಕೊಡಬಹುದೇ ಎಂದು ಕೇಳಿದ್ದೀಯ. ಕೊಡಬಹುದು. ಆದರೆ ಯಾರ ಕೈಯಿಂದ ಸಲಹೆಯ ಶುಲ್ಕ ಪಡೆಯುತ್ತೀಯೋ ಅವರ ಬಗ್ಗೆ ಒಂದು ಸಾಲನ್ನೂ ಬರೆಯಬೇಡ. ಮಡಿಕೇರಿಯಲ್ಲಿ ಸೀನಿದರೆ ಗೋಣಿಕೊಪ್ಪಲಿಗೆ ಕೇಳಿಸುವ ಜಿಲ್ಲೆ ನಮ್ಮದು, ಇಲ್ಲಿ ಯಾವ ಲೆಕ್ಕವೂ ಗುಟ್ಟಾಗಿ ಉಳಿಯುವುದಿಲ್ಲ.

ನೀನು ಕಳುಹಿಸಿದ ಲೇಖನದಲ್ಲಿ ಕೊಡವರ ಚಿನ್ನದ ಮಣಿಸರ ಜೋಮಾಲೆಯ ಸೊಬಗಿದೆ, ಕೊಕ್ಕೆತಾತಿ ಪದಕದ ಅರ್ಧಚಂದ್ರವಿದೆ, ಅಜ್ಜಿಯ ಪೆಟ್ಟಿಗೆಯೂ ಇದೆ. ಲೆಕ್ಕ ಮಾತ್ರ ಇಲ್ಲ. ಸೊಬಗನ್ನು ನಿನಗಿಂತ ಚೆನ್ನಾಗಿ ಬಲ್ಲವರೇ ಆ ಪತ್ರಿಕೆಯನ್ನು ಓದುತ್ತಾರೆ. ಜೋಮಾಲೆಯ ಮಣಿ ತೆಳುವಾದ ಚಿನ್ನದ ತಗಡಿನದು, ಒಳಗೆ ಅರಗು. ಮಾಲೆ ತಕ್ಕಡಿಯಲ್ಲಿ 40 ಗ್ರಾಂ ತೂಗಿ, ಅದರಲ್ಲಿ ಅರಗೇ 10 ಗ್ರಾಂ ಇದ್ದರೆ ಚಿನ್ನದ ದರ ಬೀಳಬೇಕಾದದ್ದು 30 ಗ್ರಾಂಗೆ. ಹಾಗಾಗಿ ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ತೂಕ ಎರಡನ್ನೂ ನೋಡು. ವೇಸ್ಟೇಜ್, ಅಂದರೆ ಒಡವೆ ಮಾಡುವಾಗ ಸವೆಯುವ ಚಿನ್ನದ ಲೆಕ್ಕ ಎಷ್ಟು, ಮಜೂರಿ ಎಷ್ಟು, 22 ಕ್ಯಾರೆಟ್ ಆಗಿದ್ದರೆ 916 (ಸಾವಿರಕ್ಕೆ 916 ಪಾಲು ಚಿನ್ನ) ಎಂದು ಶುದ್ಧತೆ ಬರೆದಿದೆಯೇ, 3% ಜಿಎಸ್‌ಟಿ ಯಾವ ಮೊತ್ತದ ಮೇಲೆ ಬಿದ್ದಿದೆ ಎಂದು ಕೇಳು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ, ಅಂದರೆ ಆ ಒಡವೆಗೆ ಮಾತ್ರ ಸೇರಿದ ಗುರುತು ಸಂಖ್ಯೆ, ಇರಲೇಬೇಕು. ಅದನ್ನು ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೀನೇ ಹಾಕಿ ನೋಡು, ಅಂಗಡಿಯವರ ಬಾಯಿಮಾತು ಸಾಲದು.

ದರದ ಸುದ್ದಿಯನ್ನೂ ಹೀಗೇ ಒಡೆದು ನೋಡಬೇಕು. 2024ರ ಜುಲೈ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕ 15%ರಿಂದ 6%ಕ್ಕೆ ಇಳಿದಾಗ ಎಲ್ಲರೂ ‘ಚಿನ್ನ ಅಗ್ಗ’ ಎಂದು ಬರೆದು ಮುಗಿಸಿದರು. ಹಳೆಯ ಸುಂಕ ತೆತ್ತು ಕೊಂಡ ಚಿನ್ನವನ್ನು ಗಾಜಿನ ಕಪಾಟಿನಲ್ಲಿಟ್ಟು ಕುಳಿತಿದ್ದ ಸಣ್ಣ ಅಂಗಡಿಯವನ ಪಾಡೇನು? ವ್ಯಾಪಾರದ ಪತ್ರಕರ್ತೆಗೆ ಸುದ್ದಿ ಇದ್ದದ್ದು ಅಲ್ಲಿ.

ಸಲಹೆಯ ವಿಷಯಕ್ಕೆ ಬಂದರೆ, ಲಂಡನ್ ದರ, ಡಾಲರ್ ಎದುರು ರೂಪಾಯಿ, ಇವು ಎಲ್ಲರ ಮೊಬೈಲಿನಲ್ಲೂ ಸಿಗುತ್ತವೆ. ಅದಕ್ಕೆ ನಿನಗೆ ಯಾರೂ ದುಡ್ಡು ಕೊಡುವುದಿಲ್ಲ, ಕೊಡಲೂಬಾರದು. ಕೊಡಗಿನ ಅಂಗಡಿಯವನಿಗೆ ಬೇಕಾದದ್ದು ಕಾಫಿಯ ಲೆಕ್ಕ. ಕುಯ್ಲು ಮುಗಿದು ಕಾಫಿ, ಕರಿಮೆಣಸಿನ ದುಡ್ಡು ಕೈಸೇರಿದ ಮೇಲೆ ಏಪ್ರಿಲ್, ಮೇ ತಿಂಗಳ ಮದುವೆಗಳಿಗೆ ಒಡವೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಮುಂದಿನ ಫಸಲು ಸೊರಗುತ್ತದೆ. ಆಗ ಹಳೆಯ ಒಡವೆ ಕರಗಿಸಿ ಹೊಸದು ಮಾಡಿಸುವವರು ಹೆಚ್ಚುತ್ತಾರೆಯೇ, ಅಥವಾ ಖರೀದಿಯೇ ಮುಂದಕ್ಕೆ ಹೋಗುತ್ತದೆಯೇ? ಇದನ್ನು ತೋಟದ ಮನೆಗಳಲ್ಲಿ, ಕಾಫಿ ವ್ಯಾಪಾರಿಗಳಲ್ಲಿ, ಅಕ್ಕಸಾಲಿಗರಲ್ಲಿ ಬೇರೆ ಬೇರೆಯಾಗಿ ಕೇಳು. ಮೂವರ ಉತ್ತರವೂ ಒಂದೇ ಆಗಿದ್ದರೆ ನನಗಂತೂ ಅನುಮಾನ ಬರುತ್ತದೆ.

ಜಾಹೀರಾತುದಾರರು ಮುನಿಸಿಕೊಳ್ಳುತ್ತಾರೆ, ಸಂಪಾದಕರು ಗೊಣಗುತ್ತಾರೆ. ಅದಕ್ಕೆ ಮದ್ದಿಲ್ಲ. ಸಲಹೆಯ ಕೆಲಸ ಮಾತ್ರ ಬಾಯಿಮಾತಿನಲ್ಲಿ ಒಪ್ಪಬೇಡ. ಒಪ್ಪಂದ ಕಾಗದದ ಮೇಲಿರಲಿ, ಅದರ ವಿಷಯ ಸಂಪಾದಕರಿಗೂ ತಿಳಿದಿರಲಿ.

ಜೋಮಾಲೆಯ ಲೇಖನವನ್ನು ತಿದ್ದಿ ಮತ್ತೆ ಕಳುಹಿಸು. ಗಿರಾಕಿಯ ಹೆಸರು, ಫೋನ್ ನಂಬರ್ ಅಳಿಸಿ ಬಿಲ್ಲಿನ ಒಂದು ಪ್ರತಿಯನ್ನು ಜೊತೆಗಿಡು.

ಇಂತಿ,
ನಿನ್ನ ಅಕ್ಕ