ಬಾಗಿಲು ತೆಗೆದೇ ಇರಲಿ

ಲೋ ಮಂಜ,

ಮೊನ್ನೆ ಗಾಂಧಿಬಜಾರಲ್ಲಿ ಬೈಟು ಕಾಫಿ ಕುಡಿಯುವಾಗ ಕೇಳಿದೆಯಲ್ಲ, ಯಾಕೋ ಮಂಕಾಗಿದೀಯ ಅಂತ. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತೇನೆ, ಮಕ್ಕಳಿರುವ ನಾಲ್ಕು ಜನ ಓದಿದರೂ ಒಳ್ಳೆಯದೇ.

ಒಂದು ತಿಂಗಳಿಂದ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಓದುತ್ತಿದ್ದೇನೆ. ಮಾಡುವವರು ಯಾರು, ತಡೆಯುವುದು ಹೇಗೆ ಅಂತ. ಗುರುತಿಲ್ಲದವರು ಚಾಕ್ಲೆಟ್ ಕೊಟ್ಟರೆ ತಗೋಬೇಡ ಅಂತ ನಾವು ಹೇಳಿಕೊಡುತ್ತೇವೆ, ಅಲ್ವಾ? 2007ರಲ್ಲಿ ಕೇಂದ್ರ ಸರ್ಕಾರದ ವರದಿಯೊಂದು ಬಂತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದಿದ್ದರು. ಮಾಡಿದವರಲ್ಲಿ ಅರ್ಧದಷ್ಟು ಜನ ಗುರುತಿನವರೇ.

ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕೆಲ್‌ಹಾರ್ 1984ರಲ್ಲೇ ಇದನ್ನು ನಾಲ್ಕು ಹಂತ ಮಾಡಿ ಹೇಳಿದರು. ಮೊದಲು ಆಸೆ. ಆಮೇಲೆ ತನ್ನ ಮನಸ್ಸಿನ ತಡೆ ದಾಟುವುದು, ಸುತ್ತಲಿನವರ ಕಾವಲು ತಪ್ಪಿಸುವುದು, ಕೊನೆಗೆ ಮಗುವಿನ ವಿರೋಧ ಮೀರುವುದು. ಜರ್ಮನಿಯಲ್ಲಿ 2005ರಿಂದ ಮೊದಲೆರಡು ಹಂತದಲ್ಲೇ ಹಿಡಿಯಲು ನೋಡುತ್ತಿದ್ದಾರೆ. ಅಂಥ ಆಸೆ ಇರುವವನು ತಪ್ಪು ಮಾಡುವ ಮುಂಚೆಯೇ ಗುಟ್ಟಾಗಿ ಬಂದು ಚಿಕಿತ್ಸೆ ಪಡೆಯಬಹುದು. ನಾವು ಮಾತ್ರ ಎಲ್ಲವನ್ನೂ ನಾಲ್ಕನೆಯದಕ್ಕೇ ಬಿಟ್ಟಿದ್ದೇವೆ. ಕೂಗು, ಓಡಿ ಬಾ ಅಂತ ಆರು ವರ್ಷದ ಕೂಸಿಗೆ ಹೇಳಿಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಮೂರನೆಯದು ನಮ್ಮದು ಕಣೋ, ದೊಡ್ಡವರದು.

ವಠಾರದ ಟ್ಯೂಷನ್ ಮೇಷ್ಟ್ರು ನೆನಪಿದ್ದಾರಾ? ಎಲ್ಲರಿಗೂ ಬೇಕಾದವರು. ನಮ್ಮಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಒಂದು ಸಂಜೆ ಮರೆತುಬಂದ ಜಾಮಿಟ್ರಿ ಬಾಕ್ಸ್ ತರಲು ಹೋದೆ. ಒಳಗಿನಿಂದ ಚಿಲಕ ಹಾಕಿತ್ತು. ಎಷ್ಟೋ ಹೊತ್ತಿಗೆ ಬಾಗಿಲು ತೆಗೆದವನು ಅವನು, ನಮ್ಮ ಜೊತೆಯವನು. ಬಾಕ್ಸ್ ಕೈಗಿಟ್ಟ, ಮುಖ ಎತ್ತಲಿಲ್ಲ. ಹನ್ನೆರಡು ವರ್ಷದ ನನಗೆ ಏನು ಅಂತ ಗೊತ್ತಾಗದಿದ್ದರೂ, ಏನೋ ಸರಿಯಿಲ್ಲ ಅಂತ ಖಂಡಿತ ಗೊತ್ತಾಯಿತು. ಮನೆಯಲ್ಲಿ ಹೇಳಲಿಲ್ಲ. ಅವನು ಟ್ಯೂಷನ್ ಬಿಟ್ಟಾಗ ದಡ್ಡ ಅಂತ ರೇಗಿಸಿದವರಲ್ಲಿ ನಾನೂ ಇದ್ದೆ. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಮಂಜ.

ಹೋದ ವಾರ ಮಗಳ ಸಂಗೀತದ ಮೇಷ್ಟ್ರಿಗೆ, ಪಾಠದ ಹೊತ್ತಲ್ಲಿ ಬಾಗಿಲು ತೆಗೆದೇ ಇರಲಿ ಸಾರ್ ಅಂದೆ. ಹೇಳುವಷ್ಟರಲ್ಲಿ ಅಂಗೈ ಬೆವೆತಿತ್ತು. ಅವರು ಎದ್ದು ಬಾಗಿಲಿಗೆ ಒಂದು ಸ್ಟೂಲ್ ಆನಿಸಿಟ್ಟರು, ಗಾಳಿಯೂ ಬರತ್ತೆ ಬಿಡಿ ಅಂದರು. ಈಗ ದಿನಾ ಮೆಟ್ಟಿಲಿಗೇ ಅವಳ ಸರಳೆ ವರಸೆ ಕೇಳುತ್ತದೆ.

ಭಾನುವಾರ ಮನೆಗೆ ಬಾ. ಅಕ್ಕಿರೊಟ್ಟಿ ಮಾಡಿಸುತ್ತೇನೆ. ಮೂಲಂಗಿ ಮಾತ್ರ ತರಬೇಡ ಮಾರಾಯ.

ನಿನ್ನ,
ಹಿಂದಿನ ಬೆಂಚಿನವನು